ಕಬ್ಬಿಣದಂಗಿಯವರನ್ನು ನಂಬಿ ಕೆಟ್ಟೆ

ಎತ್ತಿನ ವ್ಯಾಪಾರದಲ್ಲಿ ತಲೆ ಬೆಳ್ಳಗಾದ ನನಗೆ ಸೋಲು ಎಂಬುದು ಕೇಳಿ ಮಾತ್ರ ಗೊತ್ತಿತ್ತು. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅಫಜಲಪುರದ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಓದಿದೆ. ಪರದೇಶದ ಹಳೇ ವೀರರ ಕಥೆಗಳು. ಮೈಮೇಲೆ ಕಬ್ಬಿಣದ ಅಂಗಿ, ಕೆಳಗೆ ಕುದುರೆ, ಬಾಯಲ್ಲಿ ಸತ್ಯ. ತಲೆ ಹೋದರೂ ಸುಳ್ಳಾಡರು, ತಮ್ಮವರ ತಪ್ಪನ್ನೂ ಮುಚ್ಚಿಡರು. ಅಷ್ಟು ಪುಟಗಳಲ್ಲಿ ಒಬ್ಬನಾದರೂ ಚೌಕಾಸಿ ಮಾಡಲಿಲ್ಲ! ಓದಿ ಮುಗಿಸುವ ಹೊತ್ತಿಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಕುದುರೆಯೊಂದು ಕಡಿಮೆ.

ಅದೇ ವಾರ ಹೆಂಡತಿಯ ತಮ್ಮ ಶರಣಪ್ಪನಿಗೆ ಹೆಣ್ಣು ಗೊತ್ತು ಮಾಡಲು ಸರಸಂಬಾಕ್ಕೆ ಹೋಗಬೇಕಾಯಿತು. ಹುಡುಗಿ ಅವನ ಮನಸ್ಸಿಗೆ ಬಹಳ ಬಂದಿದ್ದಳು. ಮಾತಾಡುವ ಹಿರಿಯ ನಾನು. "ನಾಕು ಮಾತು ಹೆಚ್ಚಿಗಿನೇ ಹೇಳ್ರಿ, ತಮ್ಮನ ಸಂಸಾರದ ಮಾತದ," ಎಂದು ಹೆಂಡತಿ ನೀಲಮ್ಮ, ನಾನೂ ಶರಣಪ್ಪನೂ ಬಸ್ ಹತ್ತುವವರೆಗೂ ಹೇಳಿದಳು. ನಾನು ಸತ್ಯವಂತನ ನಗೆ ನಕ್ಕೆ.

ಹುಡುಗಿಯ ತಂದೆ ಗುರುಲಿಂಗಪ್ಪ, ಹೊಲ ಎಷ್ಟೆಂದು ಕೇಳಿದರು. ಇದ್ದದ್ದು ಎಂಟು ಎಕರೆ, ಎಂಟೇ ಎಂದೆ. ಚಟ? ನಾಗರ ಪಂಚಮಿಗೆ ಒಂದು ದಿನ ಇಸ್ಪೀಟು ಆಡುತ್ತಾನೆ ಎಂದೆ. ಶರಣಪ್ಪ ನನ್ನ ತೊಡೆ ಚಿವುಟಿದ. ವೀರರು ನೋವಿಗೆ ಅಂಜುವುದಿಲ್ಲ! ಸಿಟ್ಟು? ವರ್ಷಕ್ಕೊಮ್ಮೆ ಬರುತ್ತದೆ ಎಂದೆ.

ಗುರುಲಿಂಗಪ್ಪ ಪಕ್ಕದಲ್ಲಿದ್ದ ತಮ್ಮ ಒಡಹುಟ್ಟಿದವನ ಕಡೆ ತಿರುಗಿ ದನಿ ತಗ್ಗಿಸಿದರು. ಆದರೂ ಕೇಳಿಸಿತು: "ಎಂಟು ಅಂದ್ರ ನಾಕು ಹಿಡಿ. ಒಂದಿನ ಇಸ್ಪೀಟು ಅಂದ್ರ ದಿನಾ ಆಡ್ತಾನ. ಸಿಟ್ಟು ಅದ ಅಂತ ಮನಿಯವರೇ ಹೇಳಾಕತ್ತಾರಂದ್ರ, ಹೊಡ್ಯೋ ಮನುಷ್ಯಾನೇ ಇರಬೇಕು."

ಗಂಡಿನವರು ಹೇಳಿದ ಆಸ್ತಿಯನ್ನು ಅರ್ಧಕ್ಕಿಳಿಸಿ, ಒಪ್ಪಿದ ದೋಷವನ್ನು ಹತ್ತು ಪಟ್ಟು ಏರಿಸಿ ಕೇಳುವುದು ನಮ್ಮ ಸೀಮೆಯ ರೂಢಿ. ಎತ್ತು ಮಾರುವಾಗ ನಾನು ಬದುಕಿದ್ದೇ ಆ ರೂಢಿಯ ಮೇಲೆ! ಗಾಬರಿಯಾಗಿ, ಹೇಳಿದ್ದೆಲ್ಲ ಖರೇ ಎಂದು ಆಣೆ ಮಾಡಿದೆ. ಆಣೆ ಮಾಡಿದ ಮೇಲೆ ನಾಲ್ಕು ಎಕರೆ ಎರಡಾಯಿತು.

ಪುಸ್ತಕದ ವೀರನನ್ನು ಜನ ನಂಬುವುದು ಅವನ ಗುಣ ನೋಡಿ ಅಲ್ಲ, ಕೈಯಲ್ಲಿನ ಕತ್ತಿ ನೋಡಿ. ನನ್ನ ಕೈಯಲ್ಲಿ ಚಹಾದ ಕಪ್ಪು-ಬಸಿ ಇತ್ತು. ಗುಣವಂತರಾಗಬೇಕೆಂದಿರುವವರು ಮೊದಲು ಆಯುಧದ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು.

ಬಾಗಿಲವರೆಗೆ ಬಂದ ಗುರುಲಿಂಗಪ್ಪ ಮರ್ಯಾದೆಯಿಂದಲೇ ಅಂದರು: "ಇನ್ನೊಮ್ಮಿ ಬರೂದಿದ್ರ, ಖರೇ ಮಾತಾಡೋ ಹಿರೇರನ್ನ ಕರಕೊಂಡು ಬರ್ರಿ."

ಮುಂದಿನ ವಾರ ನೀಲಮ್ಮನ ಕಾಕಾ ಹೋದರು. ಹೊಲ ಹದಿನಾರು ಎಕರೆ, ಹುಡುಗ ಇಸ್ಪೀಟಿನ ಎಲೆಯನ್ನು ಕಣ್ಣಲ್ಲೂ ನೋಡಿಲ್ಲ, ಸಿಟ್ಟೆಂದರೆ ಏನೆಂದು ಕೇಳುತ್ತಾನೆ ಎಂದರು. ಗುರುಲಿಂಗಪ್ಪ ಅರ್ಧ ಮಾಡಿದರು. ಎಂಟು ಎಕರೆ ಸರಿಯಾಗಿ ಬಂತು! ಲಗ್ನ ಗೊತ್ತಾಯಿತು.

ಲಗ್ನದಲ್ಲಿ ನನಗೆ ಬಾಯಿ ಬಿಡುವ ಅಗತ್ಯವೇ ಇಲ್ಲದ ಹೊಣೆ ಕೊಟ್ಟರು: ಹಂದರದ ಹೊರಗೆ ಚಪ್ಪಲಿ ಕಾಯುವುದು. ಬಹಳ ನಿಷ್ಠೆಯಿಂದ ಕಾಯ್ದೆ. ಒಂದೇ ಜೋಡು ಕಳುವಾಯಿತು.

ನನ್ನದು.