ಮಟ್ಟವಾಗಿ ಕೂತ ಕಂಬಿ

ಹಾಯಿದೋಣಿ ಗಾಳಿ ಬೀಸಿದ ಕಡೆಗಷ್ಟೇ ಹೋಗುತ್ತದೆ ಎಂದು ನಮ್ಮ ಗುಮಾಸ್ತ ಮದುವೆಯಾಗುವವರೆಗೂ ನಂಬಿದ್ದ. ಹಾಗಾಗಿ ಮಾವ ಮೊದಲ ಸಲ ಕೆರೆಯ ವಿಹಾರಕ್ಕೆ ಕರೆದಾಗ, ಗಾಳಿ ತಿರುಗುವವರೆಗೆ ಆಚೆ ದಡದಲ್ಲೇ ಬಿದ್ದಿರಬೇಕಲ್ಲ ಎಂದು ಹಾಸಿಗೆ ಸುತ್ತಿಕೊಂಡು, ಕಚೇರಿಗೆ ಎರಡು ದಿನದ ರಜೆಯನ್ನೂ ಬರೆದುಕೊಟ್ಟು ಹೊರಟಿದ್ದ. ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದರು. ಮಾವ ಹಾಸಿಗೆಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. (ಬಡಗಿಗಳು ಹಾಗೇ, ಮೊದಲು ಅಳತೆ ತೆಗೆದುಕೊಳ್ಳುತ್ತಾರೆ, ಕತ್ತರಿಸುವುದು ಆಮೇಲೆ.)

ಆ ದೋಣಿ ಮಾವ ಕೈಯಾರೆ ಮಾಡಿದ್ದು. ಗುಮಾಸ್ತನ ಹೆಂಡತಿ ನಡೆಯಲು ಕಲಿಯುವ ಮೊದಲೇ ಅದರಲ್ಲಿ ತೇಲಿದವಳು. ಈಗ ಮಾವನ ಮಂಡಿ ಕೈಕೊಟ್ಟಿತ್ತು. ಇಬ್ಬರು ಅಳಿಯಂದಿರಲ್ಲಿ ದೋಣಿ ಯಾರ ಮನೆಗೆ ಎಂಬುದನ್ನು ಭಾನುವಾರ ಹೇಳುತ್ತೇನೆ ಎಂದಿದ್ದರು. ಷಡ್ಡಕ ಆಗಲೇ ಅದಕ್ಕೆ ಹೊಸ ಬಣ್ಣ ಬಳಿದು ಒಂದು ‘ಭೇಷ್’ ಗಿಟ್ಟಿಸಿಕೊಂಡಿದ್ದ. ಗುಮಾಸ್ತನಿಗೆ ಇದುವರೆಗೆ ಅರ್ಧ ಭೇಷೂ ಸಿಕ್ಕಿರಲಿಲ್ಲ. ಆದ್ದರಿಂದ ಆತ ದೋಣಿಗೆ ಟ್ರಾವೆಲರ್ ಕೂರಿಸಲು ಸಂಕಲ್ಪ ಮಾಡಿದ.

ಟ್ರಾವೆಲರ್ ಎಂದರೆ ದೋಣಿಗೆ ಅಡ್ಡಲಾಗಿ ಬಿಗಿಯುವ ಲೋಹದ ಕಂಬಿ. ಅದರ ಮೇಲೊಂದು ಪುಟ್ಟ ಬಂಡಿ. ಹಾಯಿಯ ಹಗ್ಗವನ್ನು ಆ ಬಂಡಿಗೆ ಕಟ್ಟಿದರೆ ಗಾಳಿ ನೋಡಿಕೊಂಡು ಎಡಕ್ಕೋ ಬಲಕ್ಕೋ ಸರಿಸಬಹುದು. ಲಿಫ್ಟ್ ಕಂಪನಿಯಲ್ಲಿ ಕೂತು ದೂರು ಬರೆದುಕೊಳ್ಳುವವನಿಗೆ, ಕಂಬಿಯ ಮೇಲೆ ಓಡಾಡುವ ಯಾವುದೂ ತನಗೆ ಹೊಸದಲ್ಲ ಎಂಬ ಧೈರ್ಯ.

ಶನಿವಾರ ಹೆಂಡತಿಯ ಹೊಲಿಗೆಯಂತ್ರ ಅಡುಗೆಮನೆಗೆ ಗಡೀಪಾರಾಯಿತು. ಮುಂದಿನ ಕೋಣೆಯಲ್ಲಿ ಎರಡು ಸ್ಟೂಲುಗಳ ಮೇಲೆ, ಕೆರೆಯಿಂದ ಹೊತ್ತು ತಂದ ದೋಣಿಗೆ ಪಟ್ಟಾಭಿಷೇಕವಾಯಿತು. ಹೊಟ್ಟೆ ಗುಂಡಗಿದ್ದ ಮಹಾರಾಣಿ ನೆಟ್ಟಗೆ ನಿಲ್ಲದೆ ಎಡಗಡೆಯ ಗೋಡೆಗೆ ಒರಗಿಕೊಂಡಳು.

“ರೀ, ಕಂಬಿ ಎಡತುದಿ ಕೆಳಗೆ ಅಷ್ಟೊಂದು ಮರದ ಚೂರು ಯಾಕೆ ತುರುಕ್ತಿದೀರಿ?” ಹೆಂಡತಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

“ಮಟ್ಟ ಬರ್ಬೇಕಲ್ವೇನೇ? ನೋಡು, ಮಟ್ಟಗೋಲಿನ ಗುಳ್ಳೆ ಹೇಗೆ ನಟ್ಟನಡುವೆ ಕೂತಿದೆ!”

“ಅಲ್ಲಾ, ದೋಣೀನೇ ನೋಡಿದ್ರೆ...”

“ನೀನು ಅಂಗಿ ಹೊಲಿಯೋವಾಗ ನಾನು ಬಂದು ತೋಳು ಉದ್ದ ಆಯ್ತು ಅಂತೀನಾ?”

“ಅಂತೀರಿ. ದಿನಾ ಅಂತೀರಿ.”

ಗುಮಾಸ್ತ ಉತ್ತರವಾಗಿ ಎಂಟು ತೂತು ಕೊರೆದು, ಎಂಟು ಬೋಲ್ಟು ಬಿಗಿದ.

ಭಾನುವಾರ ಮಾವ ದಡದ ಬೆಂಚಿನಲ್ಲಿ ಆಸೀನರಾದರು. ಗಂಡ ಹೆಂಡತಿ ಇಬ್ಬರನ್ನೂ ಹೊತ್ತು ದೋಣಿ ನೀರಿಗಿಳಿದದ್ದೇ ತಡ, ನೆಟ್ಟಗಾಯಿತು. ಕಂಬಿ ಓರೆಯಾಯಿತು. ಮಟ್ಟಗೋಲು ಸುಳ್ಳು ಹೇಳಿರಲಿಲ್ಲ, ಪಾಪ. ಕಂಬಿ ಮಟ್ಟವಾಗಿಯೇ ಇತ್ತು, ಅವನ ಮನೆಯ ನೆಲಕ್ಕೆ.

ಬಂಡಿ ‘ಟಣ್’ ಎಂದು ಬಲತುದಿಗೆ ಜಾರಿತು. ಗುಮಾಸ್ತ ಎಡಕ್ಕೆಳೆದ, ಟಣ್! ಮತ್ತೆ ಎಳೆದ, ಟಣ್! ಅದರ ಹಿಂದೆ ಹಾಯಿಯೂ ಹೊಯ್ದಾಡಿ, ದೋಣಿ ಮಾವನ ಎದುರಿಗೇ ಗಾಣದ ಎತ್ತಿನಂತೆ ಮೂರು ಸುತ್ತು ಹಾಕಿತು. ಪ್ರತಿ ಸುತ್ತಿನಲ್ಲೂ ಮಾವನ ಮುಖ ಕಾಣುತ್ತಿತ್ತು. ಕೆರೆಯಾದರೂ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ.

“ಬಿಡ್ರೀ ಇತ್ಲಾಗೆ!” ಹೆಂಡತಿ ಹಗ್ಗವನ್ನು ಬಂಡಿಯಿಂದ ಕಿತ್ತು, ಬರಿಗೈಯಲ್ಲೇ ಹಿಡಿದು, ಅವನನ್ನು ಮೂಟೆಯಂತೆ ಒಂದು ಮೂಲೆಗೆ ಕೂರಿಸಿ, ದೋಣಿಯನ್ನು ನೇರ ದಡಕ್ಕೆ ತಂದಳು.

ಮಾವ ಮಂಡಿ ಹಿಡಿದುಕೊಂಡು ಬಗ್ಗಿದರು. ತಾವು ಉಜ್ಜಿ ಉಜ್ಜಿ ನಯ ಮಾಡಿದ್ದ ಹಲಗೆಯಲ್ಲಿ ಎದ್ದುನಿಂತ ಎಂಟು ಬೋಲ್ಟುಗಳ ಮೇಲೆ ಒಂದೊಂದಾಗಿ ಹೆಬ್ಬೆರಳಾಡಿಸಿದರು. ಎಂಟನೆಯದರ ಹೊತ್ತಿಗೆ ಗುಮಾಸ್ತನಿಗೆ ತಡೆಯಲಾಗಲಿಲ್ಲ.

“ಮಾವ, ಈಗ ಕೇಳಬಾರ್ದು, ಆದ್ರೂ ಕೇಳ್ತೀನಿ. ದೋಣಿ... ನಮ್ಮನೆಗೇ ಕೊಡ್ತೀರಾ?”

“ಕೊಡ್ತೀನಿ ಅಳಿಯಂದ್ರೇ,” ಎಂದರು ಮಾವ. “ನನ್ನ ಮಗಳಿಗೆ. ನೀವು ದಡದಲ್ಲಿ ನಿಂತು ಕೈಬೀಸಿ, ಸಾಕು.”