ಉಸಿರಾಡಿದರೆ ಡಬ್ ಎನ್ನುವ ಕವಚ

"ರಟ್ಟಿನ ಕವಚಾನಾ? ನನ್ನ ಮಗಳಿಗಾ? ನಾನು ಬದುಕಿರೋವಾಗ್ಲಾ?"

ದರ್ಜಿ ಮಹಾಶಯರು ಅಳತೆ ಟೇಪನ್ನು ಹೆಗಲಿಗೆ ಬೀಸಿಕೊಂಡು ಹೀಗೆ ಗರ್ಜಿಸಿದಾಗಲೇ ಅವರ ಹೆಂಡತಿಯ ಎದೆ ಧಸಕ್ಕೆಂದಿತ್ತು.

ಹೋದ ವರ್ಷ ಶಾಲೆಯ ನಾಟಕದಲ್ಲಿ ಬರೀ ಪರದೆ ಎಳೆದಿದ್ದ ಮಗಳಿಗೆ ಈ ಸಲ ಪಾತ್ರ ಸಿಕ್ಕಿತ್ತು. ಮಲಗಿದ ರಾಜನ ಪಕ್ಕ ಸದ್ದಿಲ್ಲದೆ, ಮಿಸುಕದೆ ನಿಲ್ಲುವ ಕಾವಲುಗಾರ್ತಿ! ಮಾತಿಲ್ಲದಿದ್ದರೇನು, ವೇದಿಕೆ ವೇದಿಕೆಯೇ. ವೇಷಕ್ಕೆ ರಟ್ಟಿನ ಕವಚ ಸಾಕೆಂದಿದ್ದರು ಟೀಚರ್. ಹುಡುಗಿ ಆಗಲೇ ಅಡುಗೆಮನೆ ಬಾಗಿಲಲ್ಲಿ ಪೊರಕೆ ಹಿಡಿದು ಕಂಬದಂತೆ ನಿಲ್ಲತೊಡಗಿದ್ದಳು.

ದರ್ಜಿಯವರು ತೆಳು ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮಗಳು ಬೆಳೆದರೆ ಬಿಚ್ಚಿ ದೊಡ್ಡದು ಮಾಡಲೆಂದು ಒಳಮಡಿಕೆಗೂ ಜಾಗ ಬಿಟ್ಟು ಕತ್ತರಿಸಿದರು! ಆದರೆ ಬಗ್ಗಿಸಿದಷ್ಟೂ ತಗಡು ಚಂಗನೆ ಹಿಂದಕ್ಕೆ ನೆಗೆಯಿತು.

"ಬಿಸಿ ತಾಗಿದ್ರೆ ಎಂಥ ಗಡಸು ಬಟ್ಟೆನೂ ಮಾತು ಕೇಳುತ್ತೆ," ಎಂದು ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರು.

"ರೀ, ಅದು ಬಟ್ಟೆ ಅಲ್ಲ, ಸ್ಟೀಲು!"

"ಸ್ವಲ್ಪ ಹಟಮಾರಿ ಬಟ್ಟೆ, ಅಷ್ಟೇ ಕಣೇ."

ತಗಡು ಕ್ಯಾರೇ ಅನ್ನಲಿಲ್ಲ. ಇಸ್ತ್ರಿ ಪೆಟ್ಟಿಗೆಯೇ ಚಟ್ಟೆಂದು ಪ್ರಾಣ ಬಿಟ್ಟಿತು.

ಸೋಲೊಪ್ಪುವ ಆಸಾಮಿಯೇ? ಪಕ್ಕದ ಮನೆಯ ವೆಲ್ಡರ್ ಹತ್ತಿರ ಗ್ಯಾಸ್ ಟಾರ್ಚ್, ಕಪ್ಪು ಕನ್ನಡಕ ಕೇಳಿ ತಂದು, ಹಿತ್ತಲಲ್ಲಿ ಅಗ್ನಿದಿವ್ಯ ಶುರುಮಾಡಿದರು. "ಕಿತ್ತಳೆ ಬಣ್ಣ ಬರೋ ತನಕ ಕಾಯಿಸಿ, ತಕ್ಷಣ ನೀರಿಗೆ ಹಾಕಿ. ಎಲ್ಲಾ ಕಡೆ ಒಂದೇ ಸಮ ಕಾಯ್ಬೇಕು," ಎಂದಿದ್ದ ವೆಲ್ಡರ್. ಉತ್ಸಾಹದಲ್ಲಿ ಕೊನೆಯ ಮಾತು ಮರೆತೇಹೋಯಿತು. ನಡುಭಾಗ ಕೆಂಡವಾಯಿತು, ನೀರಿಗೆ ಬಿದ್ದು ಚುಂಯ್ ಎಂದಿತು, ಆಮೇಲೆ ಬೆರಳಲ್ಲೇ ಬಗ್ಗಿತು!

"ರೇಷ್ಮೆ ಕಣೇ, ರೇಷ್ಮೆ!" ಎಂದು ಕುಣಿದರು. ಅಂಚುಗಳು ಮಾತ್ರ ಹಳೆಯ ಹಟದಲ್ಲೇ ಇದ್ದವು. ಇವೆರಡರ ಜಗಳದಲ್ಲಿ ತಗಡು ನೀಲಿಗಟ್ಟಿ ಹೊಟ್ಟೆ ಉಬ್ಬಿಸಿಕೊಂಡಿತ್ತು; ಒತ್ತಿದರೆ ಉಬ್ಬು ಒಳಗೆ, ಬಿಟ್ಟರೆ ಹೊರಗೆ ನೆಗೆಯುತ್ತಿತ್ತು.

ಹೇಗೋ ಕವಚದ ಆಕಾರಕ್ಕೆ ತಂದದ್ದನ್ನು ಮಗಳು ತೊಟ್ಟಳು. ಕಂಬದಂತೆ ನಿಂತಳು. ಉಸಿರೆಳೆದಳು: "ಡಬ್!" ಬಿಟ್ಟಳು: "ಡುಬ್!"

"ಸ್ವಲ್ಪ ಉಸಿರು ಹಿಡ್ಕೋ ಪುಟ್ಟಿ."

"ಎಲ್ಲೀ ತನಕ ಅಪ್ಪಾ?"

"ನಾಟಕ ಮುಗಿಯೋ ತನಕ."

ಮಗಳ ಕಣ್ಣು ತುಂಬಿತು. "ರಾಜ ಎದ್ದುಬಿಡ್ತಾನೆ! ಟೀಚರ್ ನನ್ನನ್ನ ಮತ್ತೆ ಪರದೆ ಎಳೆಯೋಕೇ ಹಾಕ್ತಾರೆ!"

ದರ್ಜಿಯವರು ಮಗಳ ಮೈಯಿಂದ ಮೆಲ್ಲಗೆ ತಗಡು ಕಳಚಿದರು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತರು. ಅಂಗಡಿಯಲ್ಲಿ ಉಳಿದಿದ್ದ ಬೆಳ್ಳಿ ಬಣ್ಣದ ಬಟ್ಟೆಯೊಳಗೆ ಹತ್ತಿ ತುಂಬಿ ಹೊಲಿದರು. ಕವಚ ಥಳಥಳ ಹೊಳೆಯಿತು, ತುಟಿಪಿಟಕ್ಕೆನ್ನಲಿಲ್ಲ.

"ಇದನ್ನ ಹೊಲಿಯೋಕೆ ಮನೇಲಿ ಒಬ್ರು ದರ್ಜಿ ಇದ್ರು," ಎಂದರು ಹೆಂಡತಿ, "ಯಾಕೋ ಬಿಡುವಾಗಿರ್ಲಿಲ್ಲ."

ಮರುದಿನ ಮಗಳು ಬಟ್ಟೆಯ ಕವಚ ತೊಟ್ಟು, ಅಪ್ಪನಿಗೆ ಬೇಸರವಾಗದಿರಲೆಂದು ತಗಡನ್ನೂ ಹೊತ್ತು ತಾಲೀಮಿಗೆ ಹೋದಳು. ಸಂಜೆ ಓಡೋಡಿ ಬಂದಳು.

"ಅಪ್ಪಾ! ನಾನೇ ಕಾವಲುಗಾರ್ತಿ! ನಿನ್ನ ತಗಡೂ ನಾಟಕಕ್ಕೆ ಬೇಕಂತೆ! ನೀನೂ ಬರ್ಬೇಕಂತೆ!"

ದರ್ಜಿಯವರ ಎದೆ ತಗಡಿಗಿಂತ ಹೆಚ್ಚು ಉಬ್ಬಿತು. "ಕೇಳಿಸ್ತೇನೇ? ಕವಚದ ಶಿಲ್ಪಿ ಅಂತ ವೇದಿಕೆಗೆ ಕರೀತಾರೆ!"

"ವೇದಿಕೆಗೆ ಅಮ್ಮನ್ನ ಕರೀತಾರೆ. ನೀನು ಹಿಂದೆ ಕೂತು ತಗಡು ಒತ್ಬೇಕು, ಗುಡುಗಿನ ಸದ್ದಿಗೆ." ಮಗಳು ಅಪ್ಪನ ಕೈ ಹಿಡಿದು ಸಮಾಧಾನ ಹೇಳಿದಳು: "ಗುಡುಗು ಇಲ್ದಾಗ ಪರದೆ ಎಳೀಬೇಕಂತೆ. ಏನೂ ಕಷ್ಟ ಇಲ್ಲಪ್ಪಾ, ನಾನು ಹೇಳಿಕೊಡ್ತೀನಿ!"