ಮೂಗು ಹೋದವನ ತೀರ್ಪು

ಕೆಟ್ಟ ವಾಸನೆಗೆ ನಮ್ಮಲ್ಲಿರುವಷ್ಟು ಹೆಸರುಗಳು ದೇವರಿಗೂ ಇರಲಿಕ್ಕಿಲ್ಲ. ಅನ್ನ ಹಳಸುತ್ತದೆ, ಅಕ್ಕಿ ಮುಗ್ಗುತ್ತದೆ, ಎಣ್ಣೆ ಕಮಟುತ್ತದೆ, ಗಟಾರ ಗಬ್ಬು ನಾರುತ್ತದೆ. ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚಿದರೆ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷಗಳಿಂದ ನನ್ನ ಕೆಲಸವೇ ಮೂಗಿನದು. ಒಂದು ಹಿಡಿ ಅಕ್ಕಿಯ ಮೇಲೆ ಬಿಸಿ ಉಸಿರು ಊದಿ, ಮೂಸಿ, ಪಾಸೋ ನಪಾಸೋ ಎಂದು ತೀರ್ಪು ಕೊಡುವುದು. ಆದರೆ ಹೋದ ಚಳಿಗಾಲದ ನೆಗಡಿಯಲ್ಲಿ ನನ್ನ ಮೂಗಿನ ಶಕ್ತಿ ಹೋದದ್ದು ತಿರುಗಿ ಬಂದಿಲ್ಲ. ಹೆಸರುಗಳು ಉಳಿದಿವೆ, ವಾಸನೆಗಳು ಹೋಗಿವೆ. ಯಾರಿಗೂ ಹೇಳಿಲ್ಲ. ಹೇಳಿದರೆ ಗಿರಣಿಯ ಕುರ್ಚಿ ಮರುದಿನವೇ ಇನ್ನೊಂದು ಮೂಗಿನ ಪಾಲಾಗುತ್ತದೆ.

ಹಾಗಾದರೆ ಇಷ್ಟು ದಿನ ನಡೆದದ್ದು ಹೇಗೆ? ಹಿಡಿ ಅಕ್ಕಿಯನ್ನು ಮೊದಲು ವ್ಯಾಪಾರಿಯ ಮೂಗಿಗೇ ಹಿಡಿದು, "ನೀವ ನೋಡ್ರಿ ಸಾವ್ಕಾರ್ರ" ಎನ್ನುತ್ತೇನೆ. ಅವರ ಹುಬ್ಬು ಗಂಟಾದರೆ ಮುಗ್ಗು. ಗಂಟಾಗದಿದ್ದರೆ ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ.

ಮೊನ್ನೆ ಭಾನುವಾರ ಮೊಮ್ಮಗಳು ಸಾಲಿ ಪುಸ್ತಕ ಹಿಡಿದು ಬಂದು, "ಅಜ್ಜಾ, ಸ್ಕಂಕ್ ಅಂದ್ರೇನು?" ಎಂದಳು. ಚಿತ್ರದಲ್ಲಿ ಬೆನ್ನ ಮೇಲೆ ಬಿಳಿ ಪಟ್ಟೆಯ ಕರಿಪ್ರಾಣಿ. ಸಿಟ್ಟು ಬಂದರೆ ಸುತ್ತಲೂ ದುರ್ನಾತ ಹೊಡೆಸುತ್ತದಂತೆ. ನಮ್ಮ ಕಡೆ ಅದಿಲ್ಲ, ನಾರುವುದರಲ್ಲಿ ಅದರ ಬಡ ನೆಂಟ ಸೊಂಡಿಲಿ ಎಂದು ವಿವರಿಸುವಷ್ಟರಲ್ಲಿ ಹೆಂಡತಿ ಒಳಗಿನಿಂದ ಕೂಗಿದಳು. "ಏನ್ರೀ, ನಾಕು ದಿನದಿಂದ ಮನಿ ನಾರಾಕತ್ತೈತಿ. ಬಂದು ನೋಡ್ರಿ!"

ಕುಷ್ಟಗಿಯಿಂದ ಬಂದಿದ್ದ ನಾದಿನಿ ಶಾಂತವ್ವ, "ಇಲಿ ಸತ್ತಿರಬೇಕು ಅಕ್ಕಾ" ಎಂದಳು. ಮೊಮ್ಮಗಳು, "ಸೊಂಡಿಲಿ!" ಎಂದಳು. "ಸುಮ್ಮನಿರ್ರಿ, ಅವರು ಹೇಳ್ಲಿ" ಎಂದಳು ಹೆಂಡತಿ. ಮೂವರೂ ನನ್ನ ಮೂಗನ್ನೇ ನೋಡತೊಡಗಿದರು. ನ್ಯಾಯಾಧೀಶನ ನಡಿಗೆಯಲ್ಲಿ ಮನೆ ಸುತ್ತಿದೆ. ಮೂಲೆ ಮೂಲೆಗೆ ದೀರ್ಘ ಶ್ವಾಸ, ಕಣ್ಣು ಮಾತ್ರ ಜೊತೆಗೇ ಬಂದ ಶಾಂತವ್ವನ ಮುಖದ ಮೇಲೆ. ನಾನು ಮಲಗುವ ಮಂಚದ ಹತ್ತಿರ ಅವಳ ಮುಖ ಶಾಂತವಾಗಿತ್ತು. "ಇಲ್ಲೇನಿಲ್ಲ" ಎಂದೆ. ಅಟ್ಟದ ಕೆಳಗೆ ಬಂದಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಇಲ್ಲೇ. ಸತ್ತ ಸೊಂಡಿಲಿ. ಐದು ದಿನದ್ದು" ಎಂದು ತೀರ್ಪಿತ್ತೆ. ದಿನವನ್ನೂ ಹೇಳಬೇಕಾಗಿರಲಿಲ್ಲ. ಆದರೆ ಪರಿಣತಿ ಎಂಬುದು ಒಮ್ಮೆ ಹೊರಟರೆ ನಿಲ್ಲುವುದಿಲ್ಲ.

ನಾನೇ ಅಟ್ಟ ಹತ್ತಿದೆ. ಹಂಡೆ, ತೊಟ್ಟಿಲು, ಹರಿದ ಕೌದಿ ಎಲ್ಲ ಕೆಳಗಿಳಿದವು. ಸೊಂಡಿಲಿ ಇರಲಿಲ್ಲ. "ಶಾಂತವ್ವ, ನೀ ಮೂಗು ಮುಚ್ಚಿದ್ದಿ ಹೌದಿಲ್ಲೊ?" ಎಂದೆ.

"ಅಯ್ಯ ಮಾಮಾರ, ನನಗ ಸೀನು ಬರಾಕತ್ತಿತ್ತರಿ! ನೆಗಡ್ಯಾಗ ನನಗ್ಯಾವ ವಾಸನಿ ಬರಬೇಕು?"

ಅಷ್ಟರಲ್ಲಿ ಹೆಂಡತಿ ನನ್ನ ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ತಂದಳು. ಕೊಳೆತು ನೀರಾದ ಉಳ್ಳಾಗಡ್ಡಿ. ನಾಲ್ಕು ರಾತ್ರಿ ನಾನು ಅದರ ಮೇಲೆಯೇ ಗೊರಕೆ ಹೊಡೆದಿದ್ದೆ.

"ನಿನಗ ಹೆಂಗ ಗೊತ್ತಾತು?" ಎಂದೆ.

"ಇಲ್ಲೇನಿಲ್ಲ ಅಂದ್ರಲ್ಲ, ಅದಕ್ಕ ಅಲ್ಲೇ ನೋಡಿದೆ. ನಿಮಗ ವಾಸನಿ ಹೋಗಿ ಭಾಳ ದಿನ ಆತು. ಸೀದ ಸಾರು ಘಮ್ ಅಂತೈತಿ ಅಂತ ಎರಡ ಸಲ ಹಾಕಿಸಿಕೊಂಡು ಉಂಡೋರು ನೀವು."

"ಮತ್ತ ನನ್ನ ಯಾಕ ಕರದಿ?"

"ನೀವು ಇಲ್ಲ ಅಂದ ಜಾಗ ಗೊತ್ತಾದ್ರ ಹುಡುಕೋದು ಹಗುರ ನೋಡ್ರಿ."

ಮರುದಿನ ಗಿರಣಿಗೆ ಹೋದೆ. ಮಾರಲು ಬಂದ ಒಂದು ಲೋಡಿನ ಅಕ್ಕಿ ಮೂಸಿ, "ಛಲೋ ಐತ್ರಿ" ಎಂದೆ. ಮಾಲೀಕರು ನನಗೆ ಕೈಮುಗಿದು ಚಹಾ ತರಿಸಿದರು. ಆಮೇಲೆ ಹಮಾಲರನ್ನು ಕರೆದು, ಮೆಲ್ಲಗೆ, ಆ ಲೋಡು ವಾಪಸ್ ಕಳಿಸಿರೆಂದರು. ಚಹಾದಲ್ಲಿ ಏಲಕ್ಕಿ ಹಾಕಿದ್ದರೋ ಇಲ್ಲವೋ, ನನಗೆ ತಿಳಿಯಲಿಲ್ಲ.